ಎರಡು ಹಾವು, ಒಂದು ಕುರ್ಚಿ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಬೀಗದಣ್ಣ ಅನ್ನುತ್ತಿದ್ದರು. ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡದೆ ಅವರು ಎಲ್ಲಿಂದಲೂ ಹೊರಡುತ್ತಿರಲಿಲ್ಲ. ಮದುವೆಯಾದ ಮೊದಲ ವಾರವೇ ಹೆಂಡತಿ ಕೇಳಿದ್ದಳು, "ರೀ, ಆ ಬೀಗಕ್ಕೂ ನಿಮಗೂ ಏನು ಹಳೇ ಜಗಳ?" ಅವರು ನಕ್ಕು ನಾಲ್ಕನೆಯ ಸಲ ಜಗ್ಗಿದರು.

ವೈರ್‌ಮನ್ ಆಗಿ ಸೇರಿದವರು. ಓದು ಹತ್ತಕ್ಕೇ ನಿಂತಿತ್ತು. ಆಸ್ಪತ್ರೆಗೆ ಯೂನಿಕ್ಸ್ ಸರ್ವರ್‌ಗಳು, ಅಂದರೆ ಎಲ್ಲ ಲೆಕ್ಕ ಇಡುವ ದೊಡ್ಡ ಕಂಪ್ಯೂಟರ್‌ಗಳು, ಬಂದಾಗ ಅವುಗಳಿಗೆ ವೈರ್ ಎಳೆದರು. ಎಳೆದವರು ಅಲ್ಲೇ ನಿಂತುಬಿಟ್ಟರು. ನೋಡಿ ಕಲಿತರು, ಕೆಡಿಸಿ ಕಲಿತರು, ಬೈಸಿಕೊಂಡು ಕಲಿತರು. ಇಪ್ಪತ್ತೆರಡು ವರ್ಷ ಆ ತಣ್ಣನೆಯ ಕೋಣೆಯಲ್ಲಿ ಹನ್ನೊಂದು ಯಂತ್ರಗಳನ್ನು ಸಾಕಿದರು. ಬಿರುಬೇಸಿಗೆಯಲ್ಲಿ ಸ್ವೆಟರ್ ಹಿಡಿದು ಕೆಲಸಕ್ಕೆ ಹೋಗುವವರು ಆ ಬೀದಿಯಲ್ಲಿ ಅವರೊಬ್ಬರೇ.

ಅವರದೊಂದು ಮಾತಿತ್ತು: ಮೊದಲು ಜಾಗ ನೋಡು, ಆಮೇಲೆ ಬಾಗಿಲು ಮುಟ್ಟು.

ಯಂತ್ರದ ಡಿಸ್ಕನ್ನು ಮನೆಯ ಹಾಗೆ ಕೋಣೆ ಕೋಣೆಯಾಗಿ ಭಾಗ ಮಾಡಿರುತ್ತಾರೆ. ಅದೇ ಪಾರ್ಟಿಶನ್. ಯಾವ ಕೋಣೆ ಎಷ್ಟು ತುಂಬಿದೆ ಎಂದು ದಿನಾ ನೋಡಬೇಕು. ಬಾಗಿಲು ಅಂದರೆ ದೂರದಿಂದ ಯಂತ್ರದೊಳಗೆ ಬರುವ ದಾರಿ. ಯಾವುದು ತೆರೆದಿರಬೇಕು ಎಂದು ಒಳಗೆ ಒಂದು ಪಟ್ಟಿ ಇರುತ್ತದೆ. ಮುಚ್ಚಬೇಕಾದ ಸಾಲಿನ ಮುಂದೆ ಜಾಲರಿಯ ಹಾಗಿರುವ # ಗುರುತು ಹಾಕಿದರೆ ಮುಗಿಯಿತು. ಆದರೆ ಕೋಣೆ ಭರ್ತಿಯಾಗಿದ್ದಾಗ ಪಟ್ಟಿ ತಿದ್ದಿದರೆ ಹಳೆಯದು ಅಳಿಯುತ್ತದೆ, ಹೊಸದು ಕೂರಲು ಜಾಗ ಇರುವುದಿಲ್ಲ. ಪಟ್ಟಿಯೇ ಖಾಲಿ. ಇದ್ದಬದ್ದ ಬಾಗಿಲೆಲ್ಲ ಬಂದ್.

ಪಟ್ಟಿಯ ನಕಲನ್ನು ಅವರು ನೋಟ್‌ಬುಕ್ಕಿನಲ್ಲಿ ಇಡುತ್ತಿದ್ದರು. ಅದೇ ಯಂತ್ರದಲ್ಲಿಟ್ಟರೆ ಕೀಲಿಯನ್ನು ಮನೆಯೊಳಗಿಟ್ಟು ಬೀಗ ಒತ್ತಿದ ಹಾಗೆ ಅನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದ ವರ್ಷ ಬರೆಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳು ಮೂರನೇ ಕ್ಲಾಸು. ಇಂಗ್ಲಿಷ್ ಅಕ್ಷರ ಬಾರದು. ಅವರು ಹಾಳೆಯ ಮೇಲೆ ದಪ್ಪಕ್ಕೆ ಗೀಚಿ ಕೊಟ್ಟರು, ಅವಳು ಚಿತ್ರ ಬರೆದ ಹಾಗೆ ಬರೆದಳು. ಒಂದೊಂದಕ್ಕೂ ಹೆಸರಿಟ್ಟಳು. s ಹಾವು, h ಕುರ್ಚಿ, e ಕಿವಿ, l ಕಂಬ, t ಕೂಡಿಸೋ ಗುರುತು. ಪೊರೆ ತೆಗೆಸಿದ ಮೇಲೂ ಬರೆಯುವವಳು ಅವಳೇ. "ನಿನ್ನ ಅಕ್ಷರ ನೋಡೇ, ಮುತ್ತು ಪೋಣಿಸಿದ ಹಾಗಿದೆ" ಎಂದು ಅವರು ಹೊಗಳಿ ಕೆಲಸ ತಪ್ಪಿಸಿಕೊಂಡರು.

ಆಮೇಲೆ ಹೊಸ ಸಾಹೇಬರು ಬಂದರು. ಚಿಕ್ಕ ವಯಸ್ಸು, ದೊಡ್ಡ ಡಿಗ್ರಿ. ಸೋಮವಾರ ಹನ್ನೊಂದಕ್ಕೆ ತಪಾಸಣೆಯವರು ಬರುತ್ತಾರೆ ಎಂದರು. ಟೆಲ್ನೆಟ್ (telnet) ಎಂಬ ಹಳೆಯ ಬಾಗಿಲು ಎಲ್ಲ ಯಂತ್ರಗಳಲ್ಲೂ ಮುಚ್ಚಿರಬೇಕು. ಅದರಲ್ಲಿ ಪಾಸ್‌ವರ್ಡ್ ಬೆತ್ತಲೆ ಓಡಾಡುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಒಳಬರಲು ssh ಎಂಬ ಗಟ್ಟಿ ಬಾಗಿಲೊಂದೇ ಸಾಕು.

"ಒಂದು ಯಂತ್ರ ತಪ್ಪಿದ್ರೂ ಈ ಕೋಣೆ ಹೊರಗಿನ ಕಂಪನಿಗೆ ಹೋಗುತ್ತೆ. ನೀವು ಉಗ್ರಾಣಕ್ಕೆ ಹೋಗಿ ದಿಂಬಿನ ಚೀಲ ಎಣಿಸ್ಬೇಕಾಗುತ್ತೆ" ಎಂದರು ಸಾಹೇಬರು. ಮೂಲೆಯಲ್ಲಿದ್ದ ಹಳೆಯ ಪರದೆ, ಕೀಬೋರ್ಡು ತೋರಿಸಿ, "ಆ ಗುಜರಿ ಮೊದಲು ಆಚೆ ಹಾಕಿ" ಎಂದರು.

ಬೀಗದಣ್ಣ ಆಚೆ ಹಾಕಲಿಲ್ಲ. ಮನೆಯ ಹಳೇ ಚಾದರ ಹೊದಿಸಿ ಕಪಾಟಿನ ಹಿಂದಕ್ಕೆ ತಳ್ಳಿದರು.

ಶನಿವಾರದೊಳಗೆ ಹತ್ತು ಯಂತ್ರ ಮುಗಿಸಿದರು. ಮೂರನೆಯದು ಬಾಕಿ. ರಕ್ತಪರೀಕ್ಷೆಯ ರಿಪೋರ್ಟೆಲ್ಲ ಬರುವುದು ಅದರಿಂದಲೇ. ಅದರ ಒಂದು ಕೋಣೆ ಕಂಠಮಟ್ಟ ತುಂಬಿತ್ತು. "ಸೋಮವಾರ ಬೆಳಿಗ್ಗೆ ಜಾಗ ಮಾಡಿ ಮುಚ್ತೀನಿ, ಯಾರೂ ಮುಟ್ಬೇಡಿ" ಎಂದು ಹೇಳಿ ನೋಟ್‌ಬುಕ್ ಮನೆಗೆ ತಂದರು. ಭಾನುವಾರ ಹೆಂಡತಿ ಆ ಯಂತ್ರದ ಪುಟದಲ್ಲಿ, ಟೆಲ್ನೆಟ್ ಸಾಲಿನ ಮುಂದೆ, ಕೆಂಪು ಪೆನ್ನಿನಿಂದ ಜಾಲರಿ ಹಾಕಿದಳು.

ಸೋಮವಾರ ಅವರು ಹೋಗುವಷ್ಟರಲ್ಲಿ ಸಾಹೇಬರು ಮೂರನೆಯದರ ಪಟ್ಟಿಗೆ ಕೈ ಹಾಕಿ ಆಗಿತ್ತು. ಅವಸರಕ್ಕೆ ಬುದ್ಧಿ ಕಡಿಮೆ.

"ಬೀಗದಣ್ಣ, ಮೂರನೇದರೊಳಗೆ ಹೋಗೋಕೇ ಆಗ್ತಿಲ್ಲ."

"ಜಾಗ ನೋಡಿದ್ರಾ?"

ಸಾಹೇಬರು ಗಡಿಯಾರ ನೋಡಿದರು. ಲ್ಯಾಬಿನ ಅಕ್ಕ ಬಾಗಿಲಿಗೆ ಬಂದು ನಿಂತರು. "ಒಂದು ರಿಪೋರ್ಟೂ ಬರ್ತಿಲ್ಲ. ನಾನೇನು ಡಾಕ್ಟರ್ ಕಿವಿಯಲ್ಲಿ ಊದಿ ಬರ್ಲಾ?"

ಗಂಟೆ ಹತ್ತು. ಬೀಗದಣ್ಣ ಚಾದರ ಎಳೆದರು. ಹಳೆಯ ಪರದೆಯ ತಂತಿಯನ್ನು ಯಂತ್ರದ ಬೆನ್ನಿಗೆ ನೇರ ಚುಚ್ಚಿದರು. ದೂರದ ಬಾಗಿಲೆಲ್ಲ ಮುಚ್ಚಿದಾಗ ಹತ್ತಿರ ಹೋಗಿ ಕೂರಬೇಕು, ಅದೊಂದೇ ದಾರಿ. ಪರದೆ ಬೆಳಗಿತು. ಕೋಣೆ ನೂರಕ್ಕೆ ನೂರು ಭರ್ತಿ, ಪಟ್ಟಿ ಖಾಲಿ. ಯಂತ್ರ ತನ್ನ ದಿನಚರಿ ಬರೆದಿಟ್ಟ ಹಳೆಯ ಲಾಗ್ ಫೈಲುಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ ಜಾಗ ಮಾಡಿದರು. ನೋಟ್‌ಬುಕ್ಕಿಗೆ ಚೀಲ ತಡಕಿದರು. ಅದು ಮನೆಯಲ್ಲೇ ಉಳಿದಿತ್ತು. ಮನೆಗೆ ಬಸ್ಸಿನಲ್ಲಿ ಒಂದು ಗಂಟೆ. ಫೋನ್ ಎತ್ತಿದರು.

"ಲೇ, ಮೂರನೇ ಯಂತ್ರದ ಪುಟ ತೆಗಿ. ಒಂದೊಂದೇ ಓದು."

"ಒಲೆ ಮೇಲೆ ಹಾಲಿದೆ ರೀ."

"ಹಾಲು ಹಾಳಾಗ್ಲಿ, ಓದೇ!"

ಅವಳು ಓದಿದಳು. "ಮುಂದೆ ಜಾಲರಿ. ಕೂಡಿಸೋ ಗುರುತು, ಕಿವಿ, ಕಂಬ..."

"ಸರಿ, ಅದು ಮುಚ್ಚೋ ಬಾಗಿಲು. ಮುಂದಿನ ಸಾಲು?"

"ಇದಕ್ಕೆ ಜಾಲರಿ ಇಲ್ಲ. ಎರಡು ಹಾವು, ಒಂದು ಕುರ್ಚಿ."

"ಅದೇ! ಅದೇ ನಮ್ಮ ಗಟ್ಟಿ ಬಾಗಿಲು!"

ಸಾಹೇಬರು ಕಣ್ಣು ಕಣ್ಣು ಬಿಟ್ಟರು. "ಏನ್ರೀ ಇದು, ಹಾವು, ಕುರ್ಚಿ?"

"ಸುಮ್ನಿರಿ ಸಾಹೇಬ್ರೇ, ನಮ್ಮನೆ ಇಂಜಿನಿಯರ್ ಮಾತಾಡ್ತಿದ್ದಾರೆ."

ಹದಿನಾಲ್ಕು ಸಾಲು. ಹಾಲು ಉಕ್ಕಿ ಒಲೆ ಆರಿತು. ಅವಳು ಒಂದು ಚುಕ್ಕೆ ಬಿಡಲಿಲ್ಲ. ಹತ್ತೂ ಐವತ್ತಕ್ಕೆ ಫೋನಿನಲ್ಲಿ ಅವಳಿಗೆ ಲ್ಯಾಬಿನ ಅಕ್ಕನ ಕೂಗು ಕೇಳಿಸಿತು: "ಬಂತು! ರಿಪೋರ್ಟ್ ಬಂತು!"

ತಪಾಸಣೆಯವರು ಹನ್ನೊಂದೂ ಯಂತ್ರಗಳ ಹಳೆಯ ಬಾಗಿಲು ತಟ್ಟಿದರು. ಒಂದೂ ತೆರೆಯಲಿಲ್ಲ. "ಯಾರು ಮಾಡಿದ್ದು ಇದನ್ನ?" ಎಂದರು. ಸಾಹೇಬರು ಬಯಸಿದ್ದರೆ ತಮ್ಮ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. "ಇವರು. ಮತ್ತೆ ಇವರ ಮನೆಯವರು" ಎಂದರು.

ಬೀಗದಣ್ಣ ಉಗ್ರಾಣಕ್ಕೆ ಹೋಗಲಿಲ್ಲ. ಆ ಸಂಜೆ ಬೀದಿಯ ತುದಿಯಿಂದಲೇ "ಇಂಜಿನಿಯರ್ ಸಾಹೇಬ್ರೇ!" ಎಂದು ಕೂಗುತ್ತ ಬಂದರು. ಕೈಯಲ್ಲಿ ಎರಡು ಲೀಟರ್ ಹಾಲು. ಅಕ್ಕಪಕ್ಕದವರು ಇಣುಕಿದರು. ಇಣುಕಲಿ.

ಹೋದ ವರ್ಷ ಅವರು ಹೋದರು. ಎದೆನೋವು. ಕೊನೆಯ ದಿನವೂ ಕೋಣೆಯ ಬೀಗ ಜಗ್ಗಿ ಬಂದಿದ್ದರು.

ತಿಂಗಳು ಕಳೆದು ಸಾಹೇಬರು ಕೋಣೆಯಲ್ಲಿ ಉಳಿದಿದ್ದ ಅವರ ಸ್ವೆಟರ್ ಮಡಚಿ ತಂದುಕೊಟ್ಟರು. ನೋಟ್‌ಬುಕ್ ಕೇಳಿದರು.

"ಜಾಗ ನೋಡ್ತೀರಾ?" ಎಂದಳು ಹೆಂಡತಿ.

"ದಿನಾ ಬೆಳಿಗ್ಗೆ, ಅಕ್ಕಾ."

"ಆ ಪರದೆ?"

"ಅಲ್ಲೇ ಇದೆ. ಚಾದರ ಒಗೆಸಿದ್ದೀನಿ."

ಅವಳು ಮೂರನೇ ಯಂತ್ರದ ಪುಟ ತೆಗೆದು ಅವರ ಮುಂದೆ ಹಿಡಿದಳು. "ಓದಿ, ನೋಡೋಣ."

ಸಾಹೇಬರು ಬೆರಳಿಟ್ಟು ಓದಿದರು. "ಎರಡು ಹಾವು, ಒಂದು ಕುರ್ಚಿ."

ಸರಿಯಾಗಿ ಓದಿದರು. ಅವಳು ಕೊಟ್ಟಳು.