ಐದನೆಯ ವಿಮಾನ

ಜಯರಾಮ ನೊಣ ಹೊಡೆಯಲೂ ಹಿಂಜರಿಯುವ ಆಸಾಮಿ. ಅವನು ನೆಲೆಸಿದ್ದ ಪರದೇಶದ ಊರು ಲೂಕನ್ನಿನಲ್ಲಿ ಪಕ್ಕದ ಮನೆಯ ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದ. ಆದರೆ ಎರಡಂತಸ್ತಿನ ರೆಕ್ಕೆಯ ಹಳೇ ಯುದ್ಧವಿಮಾನಗಳ ಮಾತು ತೆಗೆದಿರೋ, ಮೈಮೇಲೆ ದೇವರು ಬಂದಂತೆ! ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಐದು ವಿಮಾನ ಉರುಳಿಸಿದವನನ್ನು ‘ಏಸ್’ ಎನ್ನುತ್ತಿದ್ದರು. ಉರುಳಿಸಿದ್ದನ್ನು ಕಂಡವರೊಬ್ಬರು ಬೇಕಿತ್ತು, ಬರೀ ಬಾಯಿಮಾತು ನಡೆಯುತ್ತಿರಲಿಲ್ಲ.

ಲಾಕ್‌ಡೌನ್ ಬಂತು, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಜಯರಾಮ ಆ ವಿಮಾನಗಳನ್ನು ಹಾರಿಸುವ ಕಂಪ್ಯೂಟರ್ ಆಟ ಹಚ್ಚಿಕೊಂಡ. ಬೆನ್ನು ಕಾಯಲು, ಸಾಕ್ಷಿಗೆ, ಅದೇ ದೇಶದ ದೂರದ ಕಾರ್ಕ್ ನಗರದ ಡಗ್ಲಸ್ ಬಡಾವಣೆಯಲ್ಲಿ ಒಂಟಿಯಾಗಿದ್ದ ಗೆಳೆಯ ಚಂದ್ರಕಾಂತ ಆನ್‌ಲೈನಿನಲ್ಲಿ ಜೊತೆಯಾದ. ಜಯರಾಮ ನಾಲ್ಕು ಉರುಳಿಸಿದ್ದ, ಏಸ್ ಆಗಲು ಇನ್ನೊಂದು ಬಾಕಿ.

ಆ ಭಾನುವಾರ ಮಧ್ಯಾಹ್ನ ಚಂದ್ರಕಾಂತನ ಉಸಿರು ಹೆಡ್‌ಫೋನಿನಲ್ಲಿ ಗೊರಗೊರ ಎನ್ನುತ್ತಿತ್ತು. ಕೋವಿಡ್ ತಗುಲಿ ವಾರವಾಗಿತ್ತು.

"ಸಾಕು ಕಣೋ, ಮಲಗ್ತೀನಿ."

"ಇನ್ನೊಂದೇ ಒಂದು ಗುರೂ! ನೀನು ಹೋದ್ರೆ ನೋಡೋರ್ಯಾರು?"

"ಸರಿ, ಹೊಡಿ. ನಾನು ಗ್ರ್ಯಾಂಡ್, ಏನೂ ಆಗಿಲ್ಲ."

ಬಾಗಿಲಲ್ಲಿದ್ದ ಹೆಂಡತಿ ವಿನೋದಿನಿಗೆ ರೇಗಿತು. "ಅವ್ರಿಗೆ ಮಾತಾಡಕ್ಕೇ ಆಗ್ತಿಲ್ಲ. ಡಾಕ್ಟ್ರಿಗೆ ಫೋನ್ ಮಾಡಕ್ಕೆ ಹೇಳ್ರೀ!"

"ಐದು ನಿಮಿಷ ಇರೇ."

ಏನೆನ್ನೋಣ ಇಂಥ ಮನುಷ್ಯನಿಗೆ! ಅವನಿಗೆ ಬೇಕಿದ್ದದ್ದು ಅದೊಂದೇ ವಿಮಾನ.

ಅದೂ ಸಿಕ್ಕಿತು. ಹೊಗೆಯುಗುಳುತ್ತ ಕೆಳಗೆ ಬಿತ್ತು. "ನೋಡ್ದೇನೋ ಚಂದ್ರು? ನೋಡ್ದಾ?" ಎಂದು ಜಯರಾಮ ಕುಣಿದಾಡಿದ. ಪರದೆಯ ಮೇಲೆ ಚಂದ್ರಕಾಂತನ ವಿಮಾನ ತಿರುಗದೆ, ನೆಟ್ಟಗೆ ಸಮುದ್ರದ ಕಡೆಗೆ ಹೋಗುತ್ತಿತ್ತು.

"ಎಲ್ಲಿಗೋ ಹೊರಟೆ? ತಿರುಗಿಸೋ, ಬಡ್ಡೀಮಗನೇ!"

ಬೈದ ಮೇಲೆ ಗೊತ್ತಾಯಿತು, ಆ ಗೊರಗೊರ ಸದ್ದೂ ನಿಂತಿತ್ತು.

ಆಂಬ್ಯುಲೆನ್ಸಿಗೆ ಫೋನ್ ಮಾಡಿದರೆ ಅವರು ವಿಳಾಸ ಕೇಳಿದರು. ಚಂದ್ರಕಾಂತ ಹಿಂದಿನ ತಿಂಗಳಷ್ಟೇ ಮನೆ ಬದಲಿಸಿದ್ದ. ದಿನಾ ಮಾತಾಡುತ್ತಿದ್ದರೂ ಜಯರಾಮ ಹೊಸ ಮನೆ ಎಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ವಿನೋದಿನಿ ಅವರಿವರಿಗೆ ಫೋನ್ ಮಾಡಿ ವಿಳಾಸ ಹುಡುಕಿ, ಆಂಬ್ಯುಲೆನ್ಸಿನವರು ಬಾಗಿಲು ಒಡೆಯುವ ಹೊತ್ತಿಗೆ ಜೀವ ಹೋಗಿತ್ತು.

ಮರುದಿನ ಮೈಸೂರಿನಿಂದ ಚಂದ್ರಕಾಂತನ ತಾಯಿ ಸಾವಿತ್ರಮ್ಮ ಫೋನ್ ಮಾಡಿದರು.

"ಕೊನೇಲಿ ನನ್ನ ಮಗ ಒಬ್ನೇ ಇದ್ನೇನಪ್ಪಾ?"

ಜಯರಾಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಇಲ್ಲಮ್ಮ... ಫೋನಲ್ಲಿ ನಾನಿದ್ದೆ. ಮಾತಾಡ್ತಾನೇ ಇದ್ವಿ."

"ಬಿಡದೇ ಮಾತಾಡಿಸ್ತಾ ಇದ್ಯಾ ನನ್ನ ಕಂದನ್ನ? ಪುಣ್ಯಾತ್ಮ ಕಣಪ್ಪಾ ನೀನು. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಪಕ್ಕದಲ್ಲೇ ನಿಂತಿದ್ದ ವಿನೋದಿನಿ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಹೆಡ್‌ಫೋನ್ ಎತ್ತಿಕೊಂಡು ಒಳಗೆ ಹೋದಳು.