ಮುಗಿಸಬಾರದ ಮಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಟ್ಲೆಂಡ್ ದ್ವೀಪಗಳ ಹೆಲಿವೋ ಬಂದರಿನ ತಗಡಿನ ಶೆಡ್ಡಿನಲ್ಲಿ ಓಸ್ಲಾ ಹಾಲ್‌ಕ್ರೋ ಹರಿದ ಬಲೆಯೊಂದನ್ನು ಗೂಟಕ್ಕೆ ನೇತುಹಾಕಿ, ಬಲೆಸೂಜಿಗೆ ಹಸಿರು ದಾರ ಸುತ್ತುತ್ತಿದ್ದಾರೆ. ಗಾಳಿ ಮೂಳೆ ಕೊರೆಯುತ್ತಿದ್ದರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ದೋಣಿ ಕಟ್ಟುವ ಕಟ್ಟೆ ಕಾಣುವುದಿಲ್ಲ, ಯಾವ ದೋಣಿ ಬಂತು, ಯಾವುದು ಬರಲಿಲ್ಲ ಎಂದು ತಿಳಿಯುವುದಿಲ್ಲ. ಅರವತ್ತು ದಾಟಿದ ಈ ಹೆಂಗಸಿನ ಕೈ ಬಲೆಯ ಮೇಲೆ, ಕಣ್ಣು ಕಟ್ಟೆಯ ಮೇಲೆ.

ಊರಿನವರಿಗೆ ಇವರ ನೆನಪಾಗುವುದು ಬಲೆ ಹರಿದಾಗ ಮಾತ್ರ. ಶೆಡ್ಡಿನ ಮೂಲೆಯಲ್ಲಿ, ಹಗ್ಗದ ಸುರುಳಿಗಳ ಹಿಂದೆ, ಒಂದು ಹಳೆಯ ಪಿಟೀಲು ಇದೆಯೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರಲ್ಲಿ ಓಸ್ಲಾ ನುಡಿಸುವ ಒಂದು ಮಟ್ಟು ಈ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ. ಅದರ ಹೆಸರು ‘ಗಿಡಿಯನ್ನನ ಕರೆ’.

ಗಿಡಿಯನ್ ಇವರ ಮನೆತನದ ಹಿರಿಯ. ಒಡೆಯನ ಜಮೀನಿನಲ್ಲಿ ಗೇಣಿಗಿದ್ದವರೆಲ್ಲ ಅವನಿಗಾಗಿ ಮೀನು ಹಿಡಿಯಲೇಬೇಕಿದ್ದ ಕಾಲ. ಒಂದು ಸಂಜೆ ಊರಿನ ತೆರೆದ ದೋಣಿಗಳೆಲ್ಲ ಕಡಲಿನಲ್ಲಿರುವಾಗ ಮಂಜು ಕವಿಯಿತು. ಕಾಲು ಮುರಿದುಕೊಂಡು ದಡದಲ್ಲೇ ಉಳಿದಿದ್ದ ಗಿಡಿಯನ್ ಬಂಡೆಯ ಮೇಲೆ ಕೂತು ಪಿಟೀಲು ನುಡಿಸತೊಡಗಿದ. ಆ ಸದ್ದನ್ನೇ ಹಿಡಿದುಕೊಂಡು ದೋಣಿಗಳು ಒಂದೊಂದಾಗಿ ದಡ ಸೇರಿದವು. ಕೊನೆಯದೂ ಬಂತೆಂದು ಕೆಳಗಿನಿಂದ ಯಾರೋ ಕೂಗಿದರು. ಗಿಡಿಯನ್ ಹಿಗ್ಗಿನಲ್ಲಿ ಹೊಸದೊಂದು ಸುತ್ತು ಕಟ್ಟಿ, ಮಟ್ಟನ್ನು ಮುಗಿಸಿ ಮನೆಗೆ ಹೋದ. ಆದರೆ ಕೊನೆಗೆ ಬಂದದ್ದು ಪಕ್ಕದ ಊರಿನ ದೋಣಿ. ಅವನ ತಮ್ಮನ ದೋಣಿ ಇನ್ನೂ ದಾರಿಯಲ್ಲಿತ್ತು. ಬೆಳಿಗ್ಗೆ ದಡಕ್ಕೆ ಬಂದು ಬಿದ್ದದ್ದು ಅದರ ಹುಟ್ಟುಗಳು ಮಾತ್ರ.

ಅಂದಿನಿಂದ ಊರಿನ ಒಂದೇ ಒಂದು ದೋಣಿ ಹೊರಗಿದ್ದರೂ ಈ ಮನೆತನದವರು ಆ ಕೊನೆಯ ಸುತ್ತನ್ನು ನುಡಿಸುವುದಿಲ್ಲ. ಮೊದಲೆಲ್ಲ ಚಳಿಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಿದ್ದರು, ಆಗ ಅಡ್ಡಿಯಿರಲಿಲ್ಲ. ಈಗಿನ ದೋಣಿಗಳಿಗೆ ಚಳಿಗಾಲವೂ ಸುಗ್ಗಿಯೇ. “ಮೂಢನಂಬಿಕೆ ಅಂತ ನನಗೂ ಗೊತ್ತು,” ಎನ್ನುತ್ತಾರೆ ಓಸ್ಲಾ. “ಗೊತ್ತಿದ್ರೆ ಹೆದರಿಕೆ ಹೋಗ್ಬಿಡುತ್ತಾ?”

ದಾರ ಎಳೆದೆಳೆದು ಅವರ ಬೆರಳು ಸೆಟೆದುಕೊಳ್ಳತೊಡಗಿವೆ. ಮಟ್ಟು ತಮ್ಮೊಂದಿಗೇ ಹೋದೀತೆಂದು, ತಮ್ಮನಾದ ಲೌರಿಯ ಹೆಂಡತಿ ಶೋನಾಗೆ ಕಲಿಸಲು ಕೂತರು. ಗ್ಲಾಸ್ಗೋದಿಂದ ಬಂದ ಶೋನಾ ಮೀನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ, ಪಿಟೀಲೆಂದರೆ ಪ್ರಾಣ. ಲೌರಿ ಸದಾ ಕಡಲಿನಲ್ಲಿರುವವನು, ಹಾಗಾಗಿ ಕೊನೆಯ ಸುತ್ತನ್ನು ನೇರವಾಗಿ ಕಲಿಸಲು ಓಸ್ಲಾಗೆ ಧೈರ್ಯವಿಲ್ಲ. ಅದನ್ನು ಚೂರು ಚೂರು ಮಾಡಿ ಹಿಂದುಮುಂದಾಗಿ ಕಲಿಸಿದರು, ಕೊನೆಯ ತುಣುಕು ಮೊದಲು, ಮೊದಲಿನದು ಕೊನೆಗೆ. ಕಡಲಿಗೆ ಗುರುತು ಸಿಗಬಾರದಲ್ಲ. ಯಾಕೆ ಹೀಗೆ ಎಂದು ಶೋನಾ ಕೇಳಿದರೆ ಹಳೆಯ ಪದ್ಧತಿ ಎಂದು ಸುಮ್ಮನಾಗಿಸುತ್ತಿದ್ದರು. “ಗಂಡ ಕಡಲಿಗೆ ಹೋಗೋನು. ಆ ಕತೆನೆಲ್ಲ ಅವಳ ತಲೆಗೆ ತುಂಬಿದ್ರೆ ಅವಳು ನಿದ್ದೆ ಮಾಡೋದು ಯಾವಾಗ?”

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಶೋನಾ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದಳು. ಇವತ್ತೊಂದು ಕೇಳಿಸ್ತೀನಿ ಎಂದು ಪಿಟೀಲು ಎತ್ತಿಕೊಂಡಳು. ಮೊದಲೆರಡು ಸುತ್ತು ಮುಗಿದವು. ಓಸ್ಲಾ ಬಲೆಯಿಂದ ತಲೆ ಎತ್ತುವಷ್ಟರಲ್ಲಿ ಮೂರನೆಯದು, ಆ ಕೊನೆಯ ಸುತ್ತು, ಶುರುವಾಗಿತ್ತು. ಚೂರುಗಳನ್ನೆಲ್ಲ ಮನೆಯಲ್ಲೇ ಜೋಡಿಸಿಕೊಂಡು ಬಂದಿದ್ದಾಳೆ! ನಿಲ್ಲಿಸಲೆಂದು ಓಸ್ಲಾ ಬಲೆಯಿಂದ ಕೈ ಬಿಡಿಸಿಕೊಂಡು ಏಳುವುದರೊಳಗೆ ಶೋನಾ ಒಂದು ಸ್ವರವೂ ತಪ್ಪದೆ ಮುಗಿಸಿ, ಹೊಗಳಿಕೆಗಾಗಿ ನಗುತ್ತಾ ನಿಂತಳು.

ಕಟ್ಟೆಯಲ್ಲಿ ಲೌರಿಯ ದೋಣಿ ಇರಲಿಲ್ಲ. ಹೊರಗೆ ಗಾಳಿ ಏಳುತ್ತಿತ್ತು. ಓಸ್ಲಾ ವೈರ್‌ಲೆಸ್ಸಿನಲ್ಲಿ ಕರೆದರು, ಬರೀ ಗೊರಗೊರ ಸದ್ದು. ಬಂದರಿನ ಆಫೀಸಿನವರು ಆಗಲೇ ಕರಾವಳಿ ಕಾವಲು ಪಡೆಗೆ ತಿಳಿಸಿದ್ದರು. ಕಾಯಬೇಕು, ಅಷ್ಟೇ ಎಂದರು. ಓಸ್ಲಾ ಶೋನಾಳ ಕೈಯಿಂದ ಪಿಟೀಲು ಕಿತ್ತುಕೊಂಡು, ಬಾಗಿಲಲ್ಲಿ ನಿಂತು, ಮೊದಲ ಸುತ್ತಿನಿಂದ ಶುರುಮಾಡಿದರು. ಕಮಾನು ನಿಲ್ಲಿಸದೆಯೇ ಕತೆಯನ್ನೆಲ್ಲ ಹೇಳಿದರು.

“ಮುಗಿಸಿದ್ರೆ ಎಲ್ಲರೂ ಬಂದ್ರು ಅಂತ ಅರ್ಥ. ಅವನು ಬಂದಿಲ್ಲ ಕಣೇ.”

ಶೋನಾ ಬಾಗಿಲಿಗೆ ಬಂದು ಅವರ ಪಕ್ಕ ನಿಂತಳು. “ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

ಓಸ್ಲಾ ನುಡಿಸುತ್ತಲೇ ಇದ್ದರು. ಬೆರಳು ಬಗ್ಗದಾದಾಗ ಶೋನಾ ತೆಗೆದುಕೊಂಡಳು, ಅವಳ ತೋಳು ಸೋತಾಗ ಮತ್ತೆ ಇವರು. ಮೊದಲೆರಡು ಸುತ್ತು ಮಾತ್ರ, ಮತ್ತೆ ಮತ್ತೆ. ಮೀನಿನ ಲಾರಿಯವರು ಇಣುಕಿ ನೋಡಿ ನಕ್ಕು ಹೋದರು. ಮಳೆ ಒಳಗೆ ಎರಚಿತು. ಕಡಲ ಕಡೆ ನೋಡಲು ಇಬ್ಬರಿಗೂ ಭಯ, ನೋಡದಿರಲೂ ಭಯ.

ಕತ್ತಲಾಗುವ ಹೊತ್ತಿಗೆ ಬಂದರಿನ ಬಾಯಲ್ಲಿ ಒಂದು ದೀಪ ಕಂಡಿತು. ದೋಣಿಯ ಪ್ರೊಪೆಲ್ಲರಿಗೆ ಹಗ್ಗ ಸುತ್ತಿಕೊಂಡಿತ್ತಂತೆ, ವೈರ್‌ಲೆಸ್ಸಿನ ಕಂಬವೂ ಮುರಿದಿತ್ತಂತೆ. ಲೌರಿ ಒದ್ದೆ ಬಟ್ಟೆಯಲ್ಲೇ ಶೆಡ್ಡಿಗೆ ಬಂದು, ಆಗಿನಿಂದ ಅದನ್ನೇ ಕುಯ್ತಿದೀರಲ್ಲ, ಬೇರೇನೂ ಬರಲ್ವಾ ಎಂದು ರೇಗಿಸಿದ. ಶೋನಾ ಅವನ ಕೋಟು ಹಿಡಿದುಕೊಂಡು ಅತ್ತುಬಿಟ್ಟಳು.

ಈಗ ಮಟ್ಟು ಶೋನಾಳ ಕೈಯಲ್ಲಿ ಭದ್ರವಾಗಿದೆ. ಕೊನೆಯ ಸುತ್ತನ್ನು ಆಮೇಲೆ ಒಮ್ಮೆಯೂ ನುಡಿಸಿಲ್ಲ, ಮರೆತೂ ಇಲ್ಲ. ಗಾಳಿ ಎದ್ದ ದಿನ ಊಟದ ಬಿಡುವಿನಲ್ಲಿ ಕಾರ್ಖಾನೆಯಿಂದ ಏಪ್ರನ್‌ನಲ್ಲೇ ಓಡಿಬರುತ್ತಾಳೆ, ಊಟ ಬಿಟ್ಟು ಕಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಾಳೆ. ಇವತ್ತು ಮಧ್ಯಾಹ್ನವೂ ಬಂದು ನಿಂತು ಹೋದಳು. ಅವಳು ಹೋದ ದಾರಿಯನ್ನು ನೋಡುತ್ತಾ ಓಸ್ಲಾ ಸೂಜಿಯನ್ನು ಕೆಳಗಿಡುತ್ತಾರೆ.

“ಮಟ್ಟು ಅವಳಿಗೆ ಇರ್ಲಿ, ಹೆದರಿಕೆ ನನ್ ಜೊತೆಗೇ ಮಣ್ಣಿಗೆ ಹೋಗ್ಲಿ ಅಂತಿದ್ದೆ. ಎರಡನ್ನೂ ಕಲ್ತುಬಿಟ್ಲು. ನನಗಿಂತ ಚೆನ್ನಾಗಿ.”