ಸ್ವಾಮಿಯ ಮರದ ಕಾಯಿ

ಬಂಧುಗಳೇ, ಹೋದ ವರ್ಷ ಆಷಾಢದಲ್ಲಿ ನನ್ನ ವರದಿ ವಾಪಸ್ ಬಂದ ದಿನ ನಾನು ಅತ್ತಿದ್ದು ಅಷ್ಟಿಷ್ಟಲ್ಲ. ಅರಸೀಕೆರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ತೆಂಗಿನ ಇಳುವರಿಯ ಅಂಕಿಅಂಶ ನೋಡುವುದು ನನ್ನ ಕೆಲಸ. ವೃತ್ತಿಪರ ಸಂಖ್ಯಾಶಾಸ್ತ್ರಜ್ಞೆ ಎಂಬ ಅರ್ಹತೆ ಪಡೆಯಲು ನಾವೇ ಮಾಡಿದ ಕೆಲಸದ ವರದಿ ಒಪ್ಪಿಸಿ, ಸಂದರ್ಶನದಲ್ಲಿ ಅದನ್ನು ಸಮರ್ಥಿಸಿಕೊಳ್ಳಬೇಕು. ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ನನಗೆ ಉಳಿದಿದ್ದು ಇನ್ನೊಂದೇ ಅವಕಾಶ.

ಪರೀಕ್ಷಕರು ಕೇಳಿದ್ದು ಇಷ್ಟೇ: ಕಾಯಿ ಇಳಿಸುವಾಗ ನಾನೇ ನಿಂತು ಎಣಿಸಿ ಹಾಕಿದ ಅಂದಾಜಿಗಿಂತ ತೋಟದವರು ಹೇಳುವ ಫಸಲು ಯಾವಾಗಲೂ ಕಡಿಮೆ ಏಕೆ? ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ವ್ಯತ್ಯಾಸ.

"ಸುಳ್ಳು ಹೇಳ್ತಾರೆ ಅಂತ ಬರೆದುಬಿಡು" ಎಂದರು ನಮ್ಮೆಜಮಾನರು.

"ನಿಮ್ಮಮ್ಮನೂ ತೆಂಗು ಬೆಳೆಯೋರೇ ಕಣ್ರೀ. ಅವರೂ ಸುಳ್ಳು ಹೇಳ್ತಾರಾ?" ಎಂದೆ.

ನಾನು ದೇವರ ಮುಂದೆ ಕೂತು, "ವೆಂಕಟರಮಣ, ಪಾಸು ಮಾಡಿಸು ಅಂತ ಕೇಳಲ್ಲಪ್ಪ. ಎಲ್ಲಿ ಎಡವಿದ್ದೀನಿ ಅಂತ ತೋರಿಸು" ಎಂದು ಬೇಡಿಕೊಂಡೆ.

ಶ್ರಾವಣ ಶನಿವಾರ ಹಳೇಬೀಡಿನಿಂದ ನಮ್ಮತ್ತೆ ಬಸ್ಸಿನಲ್ಲಿ ಬಂದರು, ಜೊತೆಗೆ ಒಂದು ಚೀಲ ತೆಂಗಿನಕಾಯಿ. ವೆಂಕಟರಮಣನ ಗುಡಿಯಿರುವ ಮಾಲೇಕಲ್ಲು ಬೆಟ್ಟದ ಮೆಟ್ಟಿಲಲ್ಲಿ ಆ ಚೀಲ ಹೊತ್ತವಳು ನಾನು. ಅರ್ಧ ಬೆಟ್ಟಕ್ಕೇ ಸುಸ್ತಾಗಿ ಸಿಡುಕಿದೆ: "ಈ ಸಲ ಕಾಯೇ ಇಲ್ಲ ಅಂತಿದ್ರಲ್ಲ ಅತ್ತೆ, ಇವೆಲ್ಲಿಂದ ಬಂದ್ವು?"

"ಅಯ್ಯೋ, ಇವು ಸ್ವಾಮಿ ಮರದವು ಕಣಮ್ಮ. ಮುಡಿಪು ಬಿಟ್ಟಿರೋದು. ಅವನ್ನ ನಮ್ದು ಅಂತ ಹೆಂಗೆ ಹೇಳಾಕಾಯ್ತದೆ?"

ನಾನು ಅಲ್ಲೇ ಕೂತುಬಿಟ್ಟೆ. ಅತ್ತೆ ತಲೆಸುತ್ತು ಬಂತೇನೋ ಎಂದು ಗಾಬರಿಯಾಗಿ ನೀರು ಕುಡಿಸಿದರು.

ಸೋಮವಾರದಿಂದ ಮತ್ತೆ ತೋಟ ತೋಟ ಸುತ್ತಿದೆ. "ದೇವರ ಮರ ಐತಾ?" ಎಂದರೆ ಎಲ್ಲರದೂ ಒಂದೇ ಮಾತು: "ಐತೆ ಮೇಡಂ, ಅದು ಬ್ಯಾರೆ." ಸ್ವಾಮಿಗೆ ಎರಡು ಮರ, ಮಠಕ್ಕೆ ಒಂದು ಸಾಲು, ಹೀಗೆ. ಯಾರೂ ಸುಳ್ಳು ಹೇಳಿರಲಿಲ್ಲ. ದೇವರದನ್ನು ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಮನಸ್ಸು ಬಂದಿರಲಿಲ್ಲ, ಅಷ್ಟೇ. ಆ ಕಾಯಿಗಳನ್ನು ಸೇರಿಸಿದರೆ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಯಿತು.

ಸಂದರ್ಶನದಲ್ಲಿ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ದೇವರ ಪಾಲನ್ನ ನೀವು ಎಲ್ಲಿ ಸೇರಿಸಿದ್ರಿ?" ಎಂದರು.

"ಇಳುವರಿಯಲ್ಲಿ ಸರ್. ಮರ ಬಿಟ್ಟ ಕಾಯೇ ಅಲ್ವಾ? ಮಾರಾಟದಲ್ಲಿ ಸೇರಿಸಿಲ್ಲ."

ಅವರು ನಕ್ಕರು. ಅರ್ಹತೆ ಸಿಕ್ಕಿತು, ಕೆಲಸವೂ ಕಾಯಂ ಆಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಆ ದಿನ ಹೊಟ್ಟೆ ತುಂಬ ಉಂಡು ಮಲಗಿದೆ.

ಆಫೀಸಿನವರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಕಾಕತಾಳೀಯ ಎಂದರೇನೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ, ನಾನು ಉಣ್ಣುವ ಅನ್ನವೇ ಅದರದ್ದು. ತಿಳಿದೂ ಹೇಳುತ್ತೇನೆ: ನನಗೆ ದಾರಿ ತೋರಿಸಿದವನು ಸ್ವಾಮಿಯೇ.